ದವಡೆ ನೋವಿಗೆ ಕಾರ್ಡ್ ಯಾಕೆ ನಡೆಯಲ್ಲ? ಬಾಯಿ ಮೈಯಿಂದ ಬೇರೆಯಾದ ಕಥೆ

ನಾನು ಹಲ್ಲು ಕಡಿಯುವ ಸದ್ದು ನನಗೆ ಯಾವತ್ತೂ ಕೇಳಿಸಿಲ್ಲ. ಕೇಳಿಸಿದ್ದು ಹೆಂಡತಿಗೆ. "ರೀ, ರಾತ್ರಿಯೆಲ್ಲ ಬೀಸೋಕಲ್ಲು ತಿರುವಿದಂಗೆ ಹಲ್ಲು ಕಡೀತೀರಿ. ಮಗು ಎದ್ದು ಕೂರುತ್ತೆ" ಅಂತ ಒಂದು ಬೆಳಿಗ್ಗೆ ಹೇಳಿದಳು. ಅವ್ವ ಒಲೆ ಮುಂದಿನಿಂದಲೇ, "ಹೊಟ್ಟೆಯೊಳಗೆ ಹುಳ ಆಗಿರ್ತಾವೆ ಕಣಪ್ಪ, ಜಂತುಹುಳದ ಮಾತ್ರೆ ತಗೋ" ಅಂದಳು. ತಗೊಂಡೆ. ಹುಳ ಇತ್ತೋ ಇಲ್ಲವೋ ಗೊತ್ತಿಲ್ಲ, ಕಡಿಯುವುದಂತೂ ನಿಲ್ಲಲಿಲ್ಲ.

ಆಮೇಲೆ ಕಿವಿಯ ಮುಂದೆ ನೋವು ಶುರುವಾಯಿತು. ಆಕಳಿಸಿದರೆ ಕೀಲಿನಲ್ಲಿ 'ಟಕ್' ಅನ್ನುವ ಸದ್ದು. ಜೋಳದ ರೊಟ್ಟಿ ಅಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ಕಿವಿ ಡಾಕ್ಟರು ನೋಡಿ "ಕಿವಿ ಚೆನ್ನಾಗಿದೆ" ಅಂದರು. ಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ "ಹಿಂದಿನ ದವಡೆ ಹಲ್ಲು ತೆಗೆದರೆ ಸರಿಹೋಗುತ್ತೆ" ಅಂದರು. ತೆಗೆಸಿದೆ. ಹಲ್ಲು ಹೋಯಿತು, ನೋವು ಉಳಿಯಿತು.

ಕೊನೆಗೆ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಆಯುಷ್ಮಾನ್ ಕಾರ್ಡ್ ಕೊಟ್ಟೆ. "ಹಲ್ಲಿಗೆ ಇದು ಬರಲ್ಲ ಸರ್" ಅಂದರು. "ಹಲ್ಲಲ್ಲಪ್ಪ, ದವಡೆ ಕೀಲು" ಅಂದೆ. "ಅದೂ ಹಲ್ಲಿನ ಡಾಕ್ಟರ ಕಡೆಯೇ ಸರ್, ಬರಲ್ಲ" ಅಂತ ಕಾರ್ಡ್ ವಾಪಸ್ ಕೊಟ್ಟರು.

ನಾನು ಸುದ್ದಿ ಕಳಿಸಿದಷ್ಟಕ್ಕೆ ಕಾಸು ಪಡೆಯುವ ಸ್ಟ್ರಿಂಗರ್. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಹಾಗಾಗಿ ಆ ಮಾತು ಜೇಬಿಗೇ ತಾಗಿತು. ಮಂಡಿ ಕೀಲು ಬದಲಿಸುವ ಆಪರೇಷನ್ ಸರ್ಕಾರಿ ಯೋಜನೆಯ ಪಟ್ಟಿಯಲ್ಲಿದೆ. ಮಂಡಿಯೂ ಕೀಲೇ, ದವಡೆಯೂ ಕೀಲೇ. ಒಂದು ಮೈಗೆ ಸೇರಿದ್ದು, ಇನ್ನೊಂದು ಸೇರಿಲ್ಲ ಅಂತ ಯಾರು ತೀರ್ಮಾನ ಮಾಡಿದರು? ಯಾವಾಗ? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ರಾತ್ರಿ ಹಲ್ಲು ಕಡಿಯುವವರು ಇದ್ದರೆ ಕೊನೆಯವರೆಗೂ ಓದಿ. ಏನು ಮಾಡಬಹುದು, ಏನು ಮಾಡಿಸಿಕೊಳ್ಳಬಾರದು ಅನ್ನುವುದೂ ಇದೆ.

ಬಾಯಿ ಮೈಯಲ್ಲೇ ಇದ್ದ ಕಾಲ

ಈಜಿಪ್ಟಿನಲ್ಲಿ ಸುಮಾರು 3,600 ವರ್ಷ ಹಿಂದೆ ಬರೆದ ಒಂದು ವೈದ್ಯದ ಸುರುಳಿ ಇದೆ. ಅದನ್ನು ಕೊಂಡುಕೊಂಡ ಅಮೆರಿಕದವನ ಹೆಸರಿನಿಂದ ಅದಕ್ಕೆ 'ಎಡ್ವಿನ್ ಸ್ಮಿತ್ ಪಪೈರಸ್' ಅನ್ನುತ್ತಾರೆ. ತಲೆಗೆ ಪೆಟ್ಟಾದವರು, ಭುಜ ಮುರಿದವರು, ಹೀಗೆ ಒಂದೊಂದೇ ಪ್ರಕರಣ ಅದರಲ್ಲಿದೆ. ಅವುಗಳ ನಡುವೆ, ದವಡೆ ಜಾರಿ ಬಾಯಿ ಮುಚ್ಚಲಾಗದೆ ಬಂದವನೂ ಇದ್ದಾನೆ. ಎರಡೂ ಹೆಬ್ಬೆರಳನ್ನು ಬಾಯೊಳಗೆ ಇಟ್ಟು, ಉಳಿದ ಬೆರಳುಗಳಿಂದ ಗದ್ದ ಹಿಡಿದು, ದವಡೆಯನ್ನು ಅದರ ಜಾಗಕ್ಕೆ ಕೂರಿಸಬೇಕು ಅಂತ ಬರೆದಿದೆ. ಇವತ್ತು ತಾಲೂಕು ಆಸ್ಪತ್ರೆಯಲ್ಲಿ ಜಾರಿದ ದವಡೆಯನ್ನು ಕೂರಿಸುವುದೂ ಬಹುಪಾಲು ಇದೇ ರೀತಿ.

ನಮ್ಮ ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳದ್ದೇ ಒಂದು ಅಧ್ಯಾಯ ಇದೆ. 65 ಮುಖರೋಗಗಳನ್ನು ಎಣಿಸಿದ್ದಾರೆ. ಹಲ್ಲಿನ ರೋಗ ಎಂದು ಕೊಟ್ಟಿರುವ ಎಂಟರಲ್ಲಿ ಒಂದರ ಹೆಸರು 'ಹನುಮೋಕ್ಷ'. ಹನು ಅಂದರೆ ದವಡೆ. ದವಡೆ ಕೀಲು ಸಡಿಲವಾಗಿ ಜಾರುವುದನ್ನು ಹಲ್ಲಿನ ರೋಗಗಳ ಜೊತೆಗೇ ಎಣಿಸಿದ್ದಾರೆ. ಮೂಗು ಸರಿಪಡಿಸುವುದು, ಮೂಳೆ ಕೂರಿಸುವುದು, ಹಲ್ಲು ನೋಡುವುದು, ಎಲ್ಲವೂ ಒಂದೇ ಗ್ರಂಥದಲ್ಲಿವೆ. ಹಲ್ಲಿನವರು ಬೇರೆ, ಮೈಯವರು ಬೇರೆ ಅನ್ನುವ ಗೋಡೆ ಅಲ್ಲಿಲ್ಲ.

ಗೋಡೆ ಎದ್ದದ್ದು

ಯುರೋಪಿನಲ್ಲಿ ಓದಿದ ವೈದ್ಯರು ಕೈಗೆ ರಕ್ತ ಅಂಟುವ ಕೆಲಸವನ್ನು ಕೀಳಾಗಿ ಕಾಣುತ್ತಿದ್ದರು. ಗಾಯ ಕೊಯ್ಯುವುದು, ಹಲ್ಲು ಕೀಳುವುದು ಕ್ಷೌರಿಕರ ಪಾಲಿಗೆ ಬಂತು. ಜಾತ್ರೆಯಲ್ಲಿ ವೇದಿಕೆ ಹಾಕಿ, ಡೋಲು ಬಡಿಸಿ ಹಲ್ಲು ಕೀಳುವವರೂ ಇದ್ದರು. ನಮ್ಮ ಸಂತೆಗಳಲ್ಲಿ ಚಾಪೆ ಮೇಲೆ ಇಕ್ಕಳ ಹರಡಿಕೊಂಡು ಕೂತವರನ್ನು ಹಿರಿಯರು ನೋಡಿರುತ್ತೀರಿ. ಅದೇ ಥರ.

1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಹಲ್ಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡು ಸಂಪುಟದ ದೊಡ್ಡ ಪುಸ್ತಕ ಬರೆದ. ಗುಟ್ಟಾಗಿ ಇಟ್ಟುಕೊಂಡಿದ್ದ ಕಸುಬು ಮೊದಲ ಬಾರಿಗೆ ಕ್ರಮವಾದ ವಿದ್ಯೆಯಾಯಿತು. ಆದರೆ ಅದು ವೈದ್ಯಕೀಯದ ಒಳಗೆ ಬರಲಿಲ್ಲ.

ಅಮೆರಿಕದ ಬಾಲ್ಟಿಮೋರ್ ಊರಿನಲ್ಲಿ ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್ ಎಂಬ ಇಬ್ಬರಿದ್ದರು. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲೇ ಹಲ್ಲಿನ ವಿದ್ಯೆಯನ್ನೂ ಕಲಿಸಿ ಅಂತ ಕೇಳಿದಾಗ ಕಾಲೇಜು ಒಪ್ಪಲಿಲ್ಲ ಎಂಬ ಕಥೆಯನ್ನು ದಂತವೈದ್ಯರು ಇವತ್ತಿಗೂ ಹೇಳುತ್ತಾರೆ. ಹಾಗೆಯೇ ನಡೆಯಿತೇ ಅನ್ನುವ ಬಗ್ಗೆ ಇತಿಹಾಸಕಾರರಲ್ಲಿ ವಾದ ಇದೆ. ಆದರೆ 1840ರಲ್ಲಿ ಆದದ್ದರ ಬಗ್ಗೆ ವಾದ ಇಲ್ಲ. ಅವರಿಬ್ಬರು ಸೇರಿ ಹಲ್ಲಿನ ವಿದ್ಯೆಗೇ ಪ್ರತ್ಯೇಕ ಕಾಲೇಜು ತೆರೆದರು. ಜಗತ್ತಿನ ಮೊದಲ ದಂತ ಕಾಲೇಜು ಅದು. ಬೇರೆ ಕಾಲೇಜು ಅಂದ ಮೇಲೆ ಬೇರೆ ಪದವಿ, ಬೇರೆ ಸಂಘ, ಬೇರೆ ಕಾನೂನು. ಮುಂದೆ ಬೇರೆ ವಿಮೆ.

ಕಲ್ಕತ್ತಾದ ಐಸ್‌ಕ್ರೀಂ ಅಂಗಡಿ

ಈ ಮಾದರಿಯನ್ನು ನಮ್ಮ ದೇಶಕ್ಕೆ ತಂದವರು ಡಾ. ರಫಿಯುದ್ದೀನ್ ಅಹ್ಮದ್. ಬಂಗಾಳದವರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಪದವಿ ಪಡೆದು ಬಂದು, 1920ರಲ್ಲಿ ಕಲ್ಕತ್ತಾದಲ್ಲಿ ಭಾರತದ ಮೊದಲ ದಂತ ಕಾಲೇಜು ಶುರು ಮಾಡಿದರು. ಸರ್ಕಾರದ ದುಡ್ಡಿಲ್ಲ. ಐಸ್‌ಕ್ರೀಂ, ಸೋಡಾ ಮಾರುವ ಅಂಗಡಿ ನಡೆಸಿ ಅದರ ಲಾಭವನ್ನು ಕಾಲೇಜಿಗೆ ಹಾಕಿದರು ಅಂತ ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಆ ಕಾಲೇಜಿಗೆ ಈಗ ಅವರದೇ ಹೆಸರಿದೆ.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ದಂತವೈದ್ಯರ ಕಾಯ್ದೆ ಬಂತು. ಆಗ ಪದವಿ ಇದ್ದವರು ಕಡಿಮೆ. ಹಾಗಾಗಿ ನೋಂದಣಿ ಪುಸ್ತಕವನ್ನು ಎರಡು ಭಾಗ ಮಾಡಿದರು. ಪದವಿ ಇದ್ದವರು 'ಎ' ಭಾಗದಲ್ಲಿ. ಪದವಿ ಇಲ್ಲದಿದ್ದರೂ ಅದೇ ಕಸುಬಿನಲ್ಲಿ ವರ್ಷಗಟ್ಟಲೆ ಇದ್ದವರು 'ಬಿ' ಭಾಗದಲ್ಲಿ. ಮೈ ನೋಡುವ ಡಾಕ್ಟರಿಗೆ ಒಂದು ಕೌನ್ಸಿಲ್, ಬಾಯಿ ನೋಡುವ ಡಾಕ್ಟರಿಗೆ ಇನ್ನೊಂದು. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಬಂದದ್ದು 1958ರಲ್ಲಿ.

ಇದರಿಂದ ಒಳ್ಳೆಯದಾಗಿಲ್ಲ ಅಂತ ಹೇಳುತ್ತಿಲ್ಲ. ಸಂತೆಯ ಇಕ್ಕಳದಿಂದ ನಮ್ಮನ್ನು ಬಿಡಿಸಿದ್ದು ಇದೇ ವಿದ್ಯೆ. ಆದರೆ ಎರಡು ಇಲಾಖೆಗಳ ಗಡಿಯಲ್ಲಿ ಒಂದು ಅಂಗ ಸಿಕ್ಕಿಹಾಕಿಕೊಂಡಿತು. ಕಿವಿಯ ಮುಂದೆ ಇರುವ, ಮೂಳೆ ಮತ್ತು ಸ್ನಾಯುವಿನಿಂದಾದ, ಆದರೆ ಹಲ್ಲನ್ನು ಆಡಿಸುವ ಈ ಕೀಲು. ಎರಡು ಊರಿನ ಸರಹದ್ದಿನ ಕೆರೆ ಹೂಳು ತೆಗೆಯುವವರಿಲ್ಲದೆ ಬಿದ್ದಿರುವ ಹಾಗೆ.

ಕಾಯಿಲೆಗೆ ಹೆಸರಿಟ್ಟವರು

ರಾತ್ರಿ ಹಲ್ಲು ಕಡಿಯುವುದು ಹೊಸದಲ್ಲ, ಅದರ ಹೆಸರು ಹೊಸದು. 1901ರಲ್ಲಿ ವಿಯೆನ್ನಾದ ಮೋರಿಟ್ಜ್ ಕರೋಲಿ ಎಂಬ ದಂತವೈದ್ಯ ಇದು ಹಲ್ಲಿನ ಸುತ್ತಲಿನ ಭಾಗವನ್ನು ಹಾಳುಮಾಡುತ್ತದೆ ಅಂತ ಬರೆದ. 1907ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಇದಕ್ಕೆ 'ಬ್ರಕ್ಸೊಮೇನಿ' ಅಂದರು. ಹಲ್ಲು ಕಡಿಯುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. 1931ರಲ್ಲಿ ಅದು 'ಬ್ರಕ್ಸಿಸಂ' ಆಯಿತು. ಇವತ್ತು ಡಾಕ್ಟರು ಚೀಟಿಯಲ್ಲಿ ಬರೆಯುವುದು ಇದನ್ನೇ.

1934ರಲ್ಲಿ ದೊಡ್ಡ ತಿರುವು. ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟನ್ ಕಿವಿ, ಮೂಗು, ಗಂಟಲಿನ ಡಾಕ್ಟರು. ಕಿವಿ ನೋವು, ತಲೆನೋವು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಅಂತ ಬಂದ ಕೆಲವರ ಕಿವಿಯಲ್ಲಿ ಅವರಿಗೆ ಏನೂ ಸಿಗಲಿಲ್ಲ. ದೋಷ ದವಡೆ ಕೀಲಿನಲ್ಲಿದೆ ಅಂತ 11 ರೋಗಿಗಳ ವಿವರ ಕೊಟ್ಟು ಲೇಖನ ಬರೆದರು. ಹಿಂದಿನ ಹಲ್ಲು ಹೋದವರಲ್ಲಿ ದವಡೆ ಹೆಚ್ಚು ಮೇಲಕ್ಕೆ ಮುಚ್ಚಿಕೊಂಡು ಕೀಲು ನರವನ್ನು ಒತ್ತುತ್ತದೆ ಅನ್ನುವುದು ಅವರ ವಾದ.

ಮುಂದೆ ಅಂಗರಚನಾ ತಜ್ಞ ಹ್ಯಾರಿ ಸಿಷರ್ ಅಂಥವರು, ಕೀಲು ಹಾಗೆ ನರವನ್ನು ಒತ್ತುವುದಕ್ಕೆ ಅಲ್ಲಿನ ರಚನೆಯೇ ಬಿಡುವುದಿಲ್ಲ ಅಂತ ತೋರಿಸಿದರು. ಕಾರಣ ತಪ್ಪಾಗಿತ್ತು. ಆದರೆ ಕಿವಿ ನೋವು ಅಂತ ಬಂದವನ ದವಡೆ ಮುಟ್ಟಿ ನೋಡಬೇಕು ಅನ್ನುವುದು ತಪ್ಪಾಗಿರಲಿಲ್ಲ. ಇಷ್ಟು ವರ್ಷದ ನಂತರವೂ ನಾನು ಕಿವಿ ಡಾಕ್ಟರಿಂದ ಬರಿಗೈಲಿ ವಾಪಸ್ ಬಂದೆ ಅನ್ನುವುದನ್ನು ನೆನೆದರೆ, ಕಾಸ್ಟನ್ ಅವರ ಲೇಖನ ಗೋಡೆಯ ಒಂದೇ ಬದಿಯಲ್ಲಿ ಉಳಿದುಬಿಟ್ಟಿತು ಅನ್ನಿಸುತ್ತದೆ.

ಕಾಸ್ಟನ್ ಹೇಳಿದ್ದರಿಂದ ಇನ್ನೊಂದು ಪರಿಣಾಮವೂ ಆಯಿತು. ದೋಷ ಹಲ್ಲು ಕೂಡುವ ರೀತಿಯಲ್ಲಿದೆ ಅಂದ ಮೇಲೆ ಕೆಲಸ ದಂತವೈದ್ಯರಿಗೆ ಬಂತು. ಹಲ್ಲು ಉಜ್ಜಿ ಸಮ ಮಾಡುವುದು, ಕ್ಯಾಪ್ ಹಾಕಿ ಎತ್ತರಿಸುವುದು, ತಂತಿ ಬಿಗಿಯುವುದು ನಡೆಯಿತು. ಒಮ್ಮೆ ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ನೋವು ಸ್ನಾಯುವಿನದು

1950ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೊ ಶ್ವಾರ್ಟ್ಜ್, ಬಹಳ ಜನರಲ್ಲಿ ನೋವು ಇರುವುದು ಹಲ್ಲಿನಲ್ಲೂ ಅಲ್ಲ, ಕೀಲಿನಲ್ಲೂ ಅಲ್ಲ, ದವಡೆ ಎಳೆಯುವ ಸ್ನಾಯುವಿನಲ್ಲಿ ಅಂದರು. 1969ರಲ್ಲಿ ಇಲಿನಾಯ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಲಾಸ್ಕಿನ್ ಇನ್ನೂ ಮುಂದೆ ಹೋದರು. ಚಿಂತೆ, ಒತ್ತಡ ಇದ್ದವರು ಗೊತ್ತಿಲ್ಲದೆ ಹಲ್ಲು ಬಿಗಿಯುತ್ತಾರೆ, ಕಡಿಯುತ್ತಾರೆ, ಸ್ನಾಯು ದಣಿದು ಹಿಡಿದುಕೊಳ್ಳುತ್ತದೆ, ನೋವು ಅಲ್ಲಿಂದ ಬರುತ್ತದೆ ಅಂದರು.

ಇದನ್ನು ಓದಿದಾಗ ನನಗೆ ನಮ್ಮ ಮಾತೇ ನೆನಪಾಯಿತು. ಸಿಟ್ಟು ಬಂದರೆ ಹಲ್ಲು ಕಡಿಯುತ್ತೇವೆ. ದ್ವೇಷ ಇದ್ದರೆ ಹಲ್ಲು ಮಸೆಯುತ್ತೇವೆ. ಬಂದದ್ದನ್ನು ತಡೆದುಕೊಳ್ಳಬೇಕಾದಾಗ ಅವುಡುಗಚ್ಚುತ್ತೇವೆ. ಸಾಲದ ಕಂತು, ಬೋರ್‌ವೆಲ್ ನೀರು, ಮಗಳ ಫೀಸು ತಲೆಯಲ್ಲಿ ಇಟ್ಟುಕೊಂಡು ಮಲಗುವವನ ದವಡೆ ರಾತ್ರಿ ಏನು ಮಾಡುತ್ತದೆ ಅನ್ನುವುದು ಕನ್ನಡಕ್ಕೆ ಮೊದಲಿಂದ ಗೊತ್ತಿತ್ತೇನೋ.

ಲಾಸ್ಕಿನ್ ಮತ್ತು ಅವರ ಜೊತೆಗಾರರು 1976ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. 25 ರೋಗಿಗಳಿಗೆ ಹಲ್ಲು ಉಜ್ಜಿ ಸಮ ಮಾಡಿದಂತೆ ನಟಿಸಿದರು. ನಿಜವಾಗಿ ಉಜ್ಜಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ನೋವು ಪೂರ್ತಿ ಅಥವಾ ಬಹುಪಾಲು ಹೋಯಿತು ಅಂದರು. ಅಂದರೆ ಹಲ್ಲು ಉಜ್ಜಿದ್ದರಿಂದ ವಾಸಿಯಾಯಿತು ಅಂತ ಹೇಳುತ್ತಿದ್ದ ಬಹಳ ಜನ, ಉಜ್ಜದಿದ್ದರೂ ವಾಸಿಯಾಗುತ್ತಿದ್ದರು. ಈ ನೋವು ಬಹಳ ಸಲ ತಾನಾಗಿಯೇ ಇಳಿಯುವಂಥದ್ದು.

ವಿಮೆ ಇದ್ದವರಿಗೂ ಆದ ಅನಾಹುತ

ದುಡ್ಡಿದ್ದರೆ, ವಿಮೆ ಇದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಮೊದಲು ಅಂದುಕೊಂಡಿದ್ದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ನಡೆದದ್ದನ್ನು ಓದಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ದವಡೆ ಕೀಲಿನ ಒಳಗೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದೆ. ಅದು ಜಾರಿದರೆ 'ಟಕ್' ಅನ್ನುವ ಸದ್ದು. ಆ ಬಿಲ್ಲೆ ತೆಗೆದು, ಟೆಫ್ಲಾನ್ ಸೇರಿದ ಕೃತಕ ಬಿಲ್ಲೆ ಕೂರಿಸುವ ಆಪರೇಷನ್ ಆಗ ಅಲ್ಲಿ ನಡೆಯುತ್ತಿತ್ತು. ಟೆಫ್ಲಾನ್ ಅಂದರೆ ಅಂಟದ ತವೆಗೆ ಬಳಿಯುವ ವಸ್ತು. ಅಗಿಯುವ ಒತ್ತಡಕ್ಕೆ ಅದು ಪುಡಿಯಾಯಿತು. ಪುಡಿಯ ವಿರುದ್ಧ ಮೈ ತಿರುಗಿಬಿದ್ದು ಸುತ್ತಲಿನ ಮೂಳೆಯನ್ನೇ ಕರಗಿಸಿತು. 1990ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿ ಅದನ್ನು ಬಳಕೆಯಿಂದ ತೆಗೆಸಿತು. ಅಷ್ಟರಲ್ಲಿ ಸಾವಿರಾರು ಜನರ ದವಡೆಯಲ್ಲಿ ಅದು ಕೂತಿತ್ತು. ಸಾದಾ ನೋವಿಗೆ ಹೋದವರು ಜೀವನಪೂರ್ತಿ ನೋವು ತಂದುಕೊಂಡರು.

1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಜ್ಞರ ಸಭೆ ಕರೆದವು. ಬೇಡ ಅನ್ನಿಸಿದಾಗ ನಿಲ್ಲಿಸಬಹುದಾದ, ಹಿಂದಕ್ಕೆ ಪಡೆಯಬಹುದಾದ ಚಿಕಿತ್ಸೆಯಿಂದಲೇ ಶುರು ಮಾಡಬೇಕು ಅನ್ನುವುದು ಅಲ್ಲಿ ಬಂದ ಮಾತು. ಶಾಖ, ಮೆತ್ತಗಿನ ಊಟ, ವ್ಯಾಯಾಮ, ಸಾದಾ ನೋವಿನ ಮಾತ್ರೆ, ರಾತ್ರಿ ಹಾಕುವ ಗಾರ್ಡ್. ಅಂದರೆ ಹೆಚ್ಚು ಖರ್ಚಿಲ್ಲದವು.

ಬಾಯಿಗೆ ಬೇರೆ ವಿಮೆ ಆದದ್ದು

ಈಗ ಕಾರ್ಡಿನ ವಿಷಯಕ್ಕೆ ಬರೋಣ.

ಬ್ರಿಟನ್ 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರು ಮಾಡಿತು. ಹಲ್ಲಿನ ಚಿಕಿತ್ಸೆಯೂ ಸೇರಿತ್ತು. ಅದಕ್ಕೂ ಮುಂಚೆ ಅಲ್ಲಿನ ಬಡವರಲ್ಲಿ, ಮದುವೆಗೆ ಮುಂಚೆ ಹುಡುಗಿಯ ಹಲ್ಲನ್ನೆಲ್ಲ ಕೀಳಿಸಿ ಕಟ್ಟಿಸಿದ ಹಲ್ಲು ಹಾಕಿಸುವ ರೂಢಿ ಕೆಲವು ಕಡೆ ಇತ್ತು, ಗಂಡನಿಗೆ ಮುಂದೆ ಖರ್ಚು ಬರದಿರಲಿ ಅಂತ. ಸೇವೆ ಉಚಿತವಾದ ಕೂಡಲೇ ಜನ ಸಾಲುಗಟ್ಟಿದರು. ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ದುಡ್ಡು ಬೇಕಾಯಿತು. 1951ರಲ್ಲಿ, ಕೊರಿಯಾ ಯುದ್ಧದ ಖರ್ಚು ಮೈಮೇಲೆ ಬಂದಾಗ, ಸರ್ಕಾರ ಕಟ್ಟಿಸುವ ಹಲ್ಲು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಿತು. ಆ ಸೇವೆಯನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಇದನ್ನು ಒಪ್ಪದೆ ರಾಜೀನಾಮೆ ಕೊಟ್ಟರು. ದುಡ್ಡು ಕಡಿಮೆ ಬಿದ್ದಾಗ ಮೊದಲು ಹೊರಗೆ ಹೋದದ್ದು ಬಾಯಿ ಮತ್ತು ಕಣ್ಣು.

ಅಮೆರಿಕದಲ್ಲಿ ಹಲ್ಲಿನ ವಿಮೆ ಹುಟ್ಟಿದ್ದು ಬಂದರು ಕಾರ್ಮಿಕರಿಂದ. 1954ರಲ್ಲಿ ಪಶ್ಚಿಮ ಕರಾವಳಿಯ ಹಡಗು ಕೂಲಿಗಳ ಸಂಘ ತಮ್ಮ ಮಕ್ಕಳ ಹಲ್ಲಿನ ಚಿಕಿತ್ಸೆಗೆ ಒಂದು ವ್ಯವಸ್ಥೆ ಮಾಡಿಸಿಕೊಂಡಿತು. ಅಲ್ಲಿನ ಹಲ್ಲಿನ ವಿಮಾ ಕಂಪನಿಗಳ ಬೇರು ಅಲ್ಲಿದೆ. ಒಳ್ಳೆಯ ಕೆಲಸವೇ. ಆದರೆ ಅದು ಆರೋಗ್ಯ ವಿಮೆಯ ಒಳಗೆ ಸೇರದೆ ಬೇರೆಯಾಗಿ ಬೆಳೆಯಿತು. 1965ರಲ್ಲಿ ಹಿರಿಯರಿಗಾಗಿ ಮೆಡಿಕೇರ್ ಬಂದಾಗ ಹಲ್ಲು ಮತ್ತು ಹಲ್ಲು ಹಿಡಿದಿರುವ ಭಾಗದ ಚಿಕಿತ್ಸೆಯನ್ನು ಕಾನೂನಿನಲ್ಲೇ ಬಹುಪಾಲು ಹೊರಗಿಟ್ಟರು. ದವಡೆ ಕೀಲಿನ ರೋಗಿ ಅಲ್ಲೂ ಎರಡು ಕಂಪನಿಗಳ ನಡುವೆ ಅಲೆಯುತ್ತಾನೆ. ಇದು ಹಲ್ಲಿನದು ಅಂತ ಒಬ್ಬರು, ಇದು ವೈದ್ಯಕೀಯ ಅಂತ ಇನ್ನೊಬ್ಬರು.

ನಮ್ಮಲ್ಲಿ? ಕರ್ನಾಟಕದ ಸಹಕಾರ ಸಂಘದ ರೈತರಿಗೆ 2003ರಲ್ಲಿ ಯಶಸ್ವಿನಿ ಬಂತು. ಮೊದಲ ವರ್ಷ ತಲೆಗೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ದೇಶವೇ ತಿರುಗಿ ನೋಡಿದ ಯೋಜನೆ ಅದು. ಅದನ್ನು ಕಟ್ಟಿದ್ದು ಆಪರೇಷನ್ನುಗಳ ಸುತ್ತ. ಹೃದಯ, ಹೊಟ್ಟೆ, ಕಣ್ಣು ಆಪರೇಷನ್ ಆದರೆ ಮನೆ ಮಠ ಮಾರುವಂತಾಗಬಾರದು ಅನ್ನುವುದು ಉದ್ದೇಶ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ, 2018ರ ಆಯುಷ್ಮಾನ್ ಭಾರತ್ ಕೂಡ ಇದೇ ದಾರಿಯಲ್ಲಿ ಬಂದವು. ಆಸ್ಪತ್ರೆಗೆ ದಾಖಲಾದರೆ ಖರ್ಚು. ಬಂದು ತೋರಿಸಿಕೊಂಡು ಹೋಗುವವರಿಗಲ್ಲ.

ಆಯುಷ್ಮಾನ್ ಹೊರಗಿಟ್ಟ ಪಟ್ಟಿಯಲ್ಲಿ ಹುಳುಕು ತುಂಬುವುದು, ರೂಟ್ ಕೆನಾಲ್, ವಸಡಿನ ರೋಗ ಇವುಗಳ ಜೊತೆ ಹಲ್ಲಿನ ಸವೆತ ಅಂತಲೂ ಇದೆ. ಹಲ್ಲು ಕಡಿಯುವವನಿಗೆ ಆಗುವುದೇ ಅದು. ಪೆಟ್ಟು ಬಿದ್ದು ದವಡೆ ಮುರಿದರೆ, ಗಡ್ಡೆಯಾಗಿ ಮೂಳೆಯ ಚಿಕಿತ್ಸೆಗೆ ದಾಖಲಾದರೆ ಕಾರ್ಡ್ ಕೆಲಸ ಮಾಡುತ್ತದೆ. ಹೀಗಾಗಿ ಗಾಡಿಯಿಂದ ಬಿದ್ದು ದವಡೆ ಮುರಿದುಕೊಂಡವನಿಗೆ ದಾರಿ ಇದೆ. ಹತ್ತು ವರ್ಷದಿಂದ ಒಂದೊಂದೇ ಪದರ ಸವೆಸಿಕೊಂಡವನಿಗೆ ಇಲ್ಲ. ಅವನು ಯಾವತ್ತೂ ದಾಖಲಾಗುವುದಿಲ್ಲ. ಕೆಲಸಕ್ಕೆ ಹೋಗುತ್ತಲೇ ಇರುತ್ತಾನೆ.

ನಮ್ಮ ರಾಜ್ಯ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ 'ದಂತಭಾಗ್ಯ' ಯೋಜನೆ ತಂದಿತು. ಅಜ್ಜ ಅಜ್ಜಿಯರು ಮತ್ತೆ ಅಗಿಯುವಂತಾದದ್ದು ಸಣ್ಣ ಮಾತಲ್ಲ. ಆದರೆ ಅದೂ ಹಲ್ಲು ಹೋದ ಮೇಲೆ ಸಿಗುವುದು. ಇರುವ ಹಲ್ಲು ಉಳಿಸಿಕೊಳ್ಳಲು ಬೇಕಾದದ್ದು ಬೇರೆ.

ಕಾರ್ಡ್ ಇಲ್ಲದವರು ಮಾಡಿಕೊಂಡು ಬಂದದ್ದು

ನಮ್ಮಜ್ಜಿ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕೆನ್ನೆಗೆ ಶಾಖ ಕೊಡುತ್ತಿದ್ದಳು. ಗಟ್ಟಿ ರೊಟ್ಟಿ ಬಿಟ್ಟು ನಾಲ್ಕು ದಿನ ಮುದ್ದೆ, ಸಾರು, ಅಂಬಲಿ. ತಜ್ಞರ ಪಟ್ಟಿಯಲ್ಲಿ ಶಾಖ, ಮೆತ್ತಗಿನ ಊಟ ಅನ್ನುವುದನ್ನು ಓದಿದಾಗ ನನಗೆ ಆ ಉಪ್ಪಿನ ಗಂಟೇ ಕಣ್ಣಮುಂದೆ ಬಂತು. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು.

ಎಲ್ಲ ಹಳೆಯದೂ ಸರಿ ಅಂತಲ್ಲ. ಮಕ್ಕಳು ಹಲ್ಲು ಕಡಿದರೆ ಹುಳ ಅನ್ನುವ ಮಾತು ಪಕ್ಕಾ ಆಗಿಲ್ಲ. ಬಹಳ ಮಕ್ಕಳಲ್ಲಿ ಬೆಳೆಯುತ್ತಾ ಅದು ತಾನೇ ನಿಲ್ಲುತ್ತದೆ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ಕೊಡಿಸಿ, ಅದು ಬೇರೆ ಕಾರಣಕ್ಕೆ ಒಳ್ಳೆಯದು.

ನನಗೆ ಕೊನೆಗೆ ದಾರಿ ಸಿಕ್ಕಿದ್ದು ದಾವಣಗೆರೆಯ ಒಂದು ದಂತ ಕಾಲೇಜಿನಲ್ಲಿ. ಅಲ್ಲಿ ಓದುವ ಹುಡುಗಿಯೊಬ್ಬಳು ಕೆನ್ನೆಯ ಸ್ನಾಯು ಒತ್ತಿ, "ಇಲ್ಲಿ ನೋವಾ ಅಣ್ಣಾ?" ಅಂದಳು. ಜೀವ ಹೋದಂಗಾಯಿತು. ಮೂರು ಕಡೆ ಸುತ್ತಿದ ಮೇಲೆ ಮೊದಲ ಬಾರಿಗೆ ನೋವಿರುವ ಜಾಗವನ್ನು ಯಾರೋ ಮುಟ್ಟಿದ್ದರು. ಅವಳು ಮತ್ತು ಅವಳ ಮೇಷ್ಟ್ರು ಹೇಳಿಕೊಟ್ಟದ್ದನ್ನೂ, ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತೇನೆ.

ಒಂದು, ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕಾಗಿಲ್ಲ. ಬೈಕ್ ಓಡಿಸುವಾಗ, ಮೊಬೈಲ್ ನೋಡುವಾಗ ನಾವು ಬಿಗಿಹಿಡಿದಿರುತ್ತೇವೆ. ಗಂಟೆಗೊಮ್ಮೆ ನೋಡಿಕೊಂಡು ಸಡಿಲ ಬಿಡಿ. ಕಾಸಿಲ್ಲದ ಔಷಧಿ ಇದು.

ಎರಡು, ರಾತ್ರಿ ಮಲಗುವ ಮುಂಚೆ ಹತ್ತು ಹದಿನೈದು ನಿಮಿಷ ಬಿಸಿ ಶಾಖ. ಚರ್ಮ ಸುಡುವಷ್ಟು ಬೇಡ.

ಮೂರು, ನೋವು ಇರುವಷ್ಟು ದಿನ ಗಟ್ಟಿ ತಿಂಡಿ, ಕಬ್ಬು, ಚೂಯಿಂಗ್ ಗಮ್ ಬೇಡ. ಆಕಳಿಸುವಾಗ ಗದ್ದಕ್ಕೆ ಕೈ ಆನಿಸಿ, ಬಾಯಿ ಪೂರ್ತಿ ತೆರೆಯಬೇಡಿ.

ನಾಲ್ಕು, ಬೀಡಿ ಸಿಗರೇಟು, ಸಾರಾಯಿ, ಹೊತ್ತು ಮುಳುಗಿದ ಮೇಲಿನ ಕಾಫಿ ರಾತ್ರಿ ಕಡಿಯುವುದನ್ನು ಹೆಚ್ಚಿಸಬಹುದು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೂ ಹೀಗೆ ಮಾಡುತ್ತವೆ. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುವವರು ಅದನ್ನೂ ಹೇಳಬೇಕು.

ಐದು, ಹಲ್ಲು ಸವೆಯುತ್ತಿದ್ದರೆ ನೈಟ್ ಗಾರ್ಡ್ ಮಾಡಿಸಿ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ. ನನಗೆ ಖಾಸಗಿಯಲ್ಲಿ ಹೇಳಿದ್ದಕ್ಕೆ ಹೋಲಿಸಿದರೆ ಕಾಲೇಜಿನಲ್ಲಿ ಆದದ್ದು ಬಹಳ ಕಡಿಮೆ. ಮಕ್ಕಳು ಕಲಿಯಲು ರೋಗಿಗಳು ಬೇಕು, ನಮಗೆ ಕಡಿಮೆ ಖರ್ಚಿನ ಚಿಕಿತ್ಸೆ ಬೇಕು. ನಾಲ್ಕು ಸಲ ಓಡಾಡಬೇಕಾಗುತ್ತದೆ, ಅಷ್ಟೇ. ತಾಲೂಕು ಆಸ್ಪತ್ರೆಯಲ್ಲೂ ಹಲ್ಲಿನ ವಿಭಾಗ ಇರುತ್ತದೆ, ಮೊದಲು ಅಲ್ಲಿ ಕೇಳಿ. ಫ್ಯಾಕ್ಟರಿ, ಗಾರ್ಮೆಂಟ್ಸ್ ಕೆಲಸದವರು ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ.

ಆರು, ಇದು ಮುಖ್ಯ. ಹುಳುಕಿಲ್ಲದ, ಒಡೆದಿಲ್ಲದ ಹಲ್ಲನ್ನು ದವಡೆ ನೋವಿಗೆ ಅಂತ ಕೀಳಿಸಬೇಡಿ. ಎಲ್ಲ ಹಲ್ಲು ಉಜ್ಜಿ ಸಮ ಮಾಡುತ್ತೇವೆ ಅಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಒಪ್ಪಬೇಡಿ.

ಮನೆಮದ್ದು ಮಾಡುತ್ತಾ ಕೂರಬಾರದ ಸಂದರ್ಭ

ಬಾಯಿ ತೆರೆದದ್ದು ಮುಚ್ಚಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಊತ ಇದ್ದರೆ ಅದು ಕೀವಾಗಿರಬಹುದು. ನಡೆಯುವಾಗ, ಭಾರ ಎತ್ತುವಾಗ ದವಡೆ ನೋವು ಬಂದು, ಎದೆ ಹಿಡಿದಂತಾಗಿ ಬೆವರು ಬಂದರೆ ಅದು ಹೃದಯದ್ದಿರಬಹುದು. ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನಮ್ಮ ಅಡಿಕೆ ಸೀಮೆಯವರಿಗೆ ಇನ್ನೊಂದು ಮಾತು. ಅಡಿಕೆ, ಗುಟ್ಕಾ ಹಾಕುವವರಿಗೆ ಬಾಯಿ ನಿಧಾನವಾಗಿ ಕಡಿಮೆ ತೆರೆಯುತ್ತಾ ಬಂದರೆ, ಖಾರ ತಿಂದರೆ ಉರಿದರೆ, ಅದು ದವಡೆ ಕೀಲಿನದಲ್ಲ. ಕೆನ್ನೆಯ ಒಳಪದರ ನಾರಿನಂತೆ ಗಟ್ಟಿಯಾಗುವ ಕಾಯಿಲೆ ಇರಬಹುದು. 1950ರ ದಶಕದಲ್ಲೇ ವೈದ್ಯರು ಇದನ್ನು ಭಾರತೀಯರಲ್ಲಿ ಗುರುತಿಸಿ ಬರೆದಿದ್ದಾರೆ. ಮುಂದೆ ಕ್ಯಾನ್ಸರ್ ಆಗುವ ಅಪಾಯ ಇರುವುದರಿಂದ ಅಡಿಕೆ ಬಿಟ್ಟು ಬೇಗ ತೋರಿಸಿಕೊಳ್ಳಬೇಕು.

ಎರಡು ಬಾಗಿಲು

2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ದವಡೆ ಕೀಲಿನ ಕಾಯಿಲೆಗಳ ಬಗ್ಗೆ ದೊಡ್ಡ ವರದಿ ಕೊಟ್ಟವು. ರೋಗಿಗಳ ಪಾಡಿಗೆ ಒಂದು ಮುಖ್ಯ ಕಾರಣ, ವೈದ್ಯಕೀಯ ಮತ್ತು ದಂತ ವೈದ್ಯಕೀಯದ ನಡುವಿನ ಬಿರುಕು ಅಂತ ಅದರಲ್ಲಿ ಹೇಳಿದ್ದಾರೆ. ಇಬ್ಬರೂ ಕೂತು ನೋಡಬೇಕು, ಖರ್ಚು ಭರಿಸುವ ವ್ಯವಸ್ಥೆಯೂ ಒಂದಾಗಬೇಕು ಅಂತ ಕೇಳಿದ್ದಾರೆ. 1840ರಲ್ಲಿ ಎದ್ದ ಗೋಡೆಯ ಬಗ್ಗೆ 180 ವರ್ಷದ ನಂತರ ಅದೇ ದೇಶ ಬರೆದ ಮಾತು ಇದು.

ಮೊನ್ನೆ ಸುದ್ದಿಗೆ ಅಂತ ನಮ್ಮ ತಾಲೂಕು ಆಸ್ಪತ್ರೆಗೆ ಹೋಗಿದ್ದೆ. ಹೊರರೋಗಿಗಳ ಕೋಣೆ ಒಂದು ಕಡೆ, ಹಲ್ಲಿನ ಕೋಣೆ ಕಾರಿಡಾರಿನ ಆ ತುದಿಯಲ್ಲಿ. ನಡುವೆ ಇಪ್ಪತ್ತು ಹೆಜ್ಜೆ ಇರಬಹುದು. ಕಿವಿ ಹಿಡಿದುಕೊಂಡು ಕೂತಿದ್ದ ಒಬ್ಬ ಹೆಂಗಸು, "ಕಿವಿ ಸರಿ ಐತೆ ಅಂದ್ರಪ್ಪ, ನೋವು ಹೋಗ್ತಿಲ್ಲ" ಅಂದರು. "ರಾತ್ರಿ ಹಲ್ಲು ಕಡೀತೀರಾ ಅಕ್ಕ?" ಅಂತ ಕೇಳಿದೆ. "ನಮ್ಮ ಮಗಳು ಹಂಗಂತಾಳೆ, ನಿನಗೆ ಹೆಂಗೆ ಗೊತ್ತು?" ಅಂದರು. ಆ ತುದಿಯ ಬಾಗಿಲು ತೋರಿಸಿ, ಹಲ್ಲು ಕೀಳಿಸಬೇಡಿ, ಮೊದಲು ದವಡೆ ಮುಟ್ಟಿ ನೋಡಲು ಹೇಳಿ ಅಂದೆ.

ಅವರು ಆ ಕಡೆ ಹೋದರು. ನನ್ನ ನಾಲಿಗೆ ಅಭ್ಯಾಸದಂತೆ ಹಲ್ಲಿಲ್ಲದ ಆ ಜಾಗಕ್ಕೆ ಹೋಯಿತು.